ಸತ್ತ ನಕ್ಷತ್ರದ ಮೇಲೆ ಗ್ರಹದ ಕಲ್ಲು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಸಂಡೂರು, ಸಿರುಗುಪ್ಪ ಕಡೆಯ ಶಾಲೆಗಳಲ್ಲಿ ದೂರದರ್ಶಕ ಇಟ್ಟು ಆಕಾಶ ತೋರಿಸುವಾಗ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಆ ಗ್ರಹದಾಗ ಎಂಥ ಕಲ್ಲೈತ್ರೀ ಸರ?" ಗಣಿ, ಕ್ವಾರಿ, ಕಾರ್ಖಾನೆಗಳ ನಡುವೆ ಬದುಕುವವರು ಇದನ್ನು ಕೇಳುವುದು ಸಹಜ. ಬೇರೆ ನಕ್ಷತ್ರಗಳ ಗ್ರಹಗಳ ವಿಷಯದಲ್ಲಿ ಇದಕ್ಕೆ ಬಹಳ ಕಾಲ ಯಾರ ಬಳಿಯೂ ನೇರ ಉತ್ತರ ಇರಲಿಲ್ಲ. ಈಗ ಸ್ವಲ್ಪ ಮಟ್ಟಿಗೆ ಇದೆ. ಆ ಉತ್ತರ ಕೊಟ್ಟಿರುವುದು ಶ್ವೇತ ಕುಬ್ಜ ಎಂಬ ಸತ್ತ ನಕ್ಷತ್ರಗಳು. ಮಕ್ಕಳು, ಶಿಕ್ಷಕರು, ಗಣಿಯಲ್ಲಿ ಕೆಲಸ ಮಾಡುವವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಶ್ವೇತ ಕುಬ್ಜ ಅಂದರೆ ಏನು?

ಸೂರ್ಯನಂಥ ನಕ್ಷತ್ರ ತನ್ನ ಇಂಧನ ಮುಗಿಸಿದ ಮೇಲೆ ಉಳಿಯುವ ತಿರುಳು. ಕೊನೆಗಾಲದಲ್ಲಿ ನಕ್ಷತ್ರ ಉಬ್ಬುತ್ತದೆ, ಕೆಂಪು ದೈತ್ಯ ಆಗುತ್ತದೆ, ಹೊರಗಿನ ಪದರಗಳನ್ನು ಬಾಹ್ಯಾಕಾಶಕ್ಕೆ ಬಿಟ್ಟುಬಿಡುತ್ತದೆ. ಒಳಗಿದ್ದ ಇಂಗಾಲ ಮತ್ತು ಆಮ್ಲಜನಕದ ಗಟ್ಟಿ ಉಂಡೆ ಮಾತ್ರ ಉಳಿಯುತ್ತದೆ. ಸಾಮಾನ್ಯವಾಗಿ ಅದರಲ್ಲಿರುವ ದ್ರವ್ಯ ಸೂರ್ಯನ 0.6 ರಷ್ಟು, ಗಾತ್ರ ಮಾತ್ರ ಭೂಮಿಯಷ್ಟು. ಒಂದು ಘನ ಸೆಂಟಿಮೀಟರ್ ವಸ್ತು ಸುಮಾರು ಒಂದು ಟನ್ ತೂಗುತ್ತದೆ. ಹೊಸದಾಗಿ ಶಾಖ ಹುಟ್ಟುವುದಿಲ್ಲ. ಇದ್ದ ಬಿಸಿ ಕೋಟ್ಯಂತರ ವರ್ಷ ನಿಧಾನವಾಗಿ ಆರುತ್ತಾ ಹೋಗುತ್ತದೆ.

ನಮ್ಮ ಆಕಾಶಗಂಗೆಯ 97 ಶೇಕಡಾಕ್ಕಿಂತ ಜಾಸ್ತಿ ನಕ್ಷತ್ರಗಳ ಕೊನೆ ಹೀಗೇ ಆಗುತ್ತದೆ. ಇವುಗಳ ತೂಕಕ್ಕೆ ಒಂದು ಮಿತಿ ಇದೆ, ಅದು ಸೂರ್ಯನ ಸುಮಾರು 1.4 ಪಟ್ಟು ಎಂದು ಲೆಕ್ಕ ಹಾಕಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1930 ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಆ ಲೆಕ್ಕ ಶುರು ಮಾಡಿದ್ದರು. ಆಗ ಅವರಿಗೆ 19 ವರ್ಷ. ನೊಬೆಲ್ ಬಂದಿದ್ದು 1983 ರಲ್ಲಿ.

ಸತ್ತ ನಕ್ಷತ್ರಕ್ಕೂ ಗ್ರಹದ ಕಲ್ಲಿಗೂ ಏನು ಸಂಬಂಧ?

ನಕ್ಷತ್ರ ಉಬ್ಬುವಾಗ ಹತ್ತಿರದ ಗ್ರಹಗಳನ್ನು ನುಂಗಿಬಿಡುತ್ತದೆ. ದೂರದವು ಉಳಿಯುತ್ತವೆ. ಆದರೆ ನಕ್ಷತ್ರ ತನ್ನ ಅರ್ಧದಷ್ಟು ತೂಕ ಕಳೆದುಕೊಂಡಾಗ ಅದರ ಹಿಡಿತ ಸಡಿಲವಾಗುತ್ತದೆ. ಉಳಿದ ಗ್ರಹ, ಕ್ಷುದ್ರಗ್ರಹಗಳ ಕಕ್ಷೆಗಳು ಹಿಗ್ಗುತ್ತವೆ, ಒಂದನ್ನೊಂದು ಎಳೆದಾಡುತ್ತವೆ. ಆ ಗೊಂದಲದಲ್ಲಿ ಕೆಲವು ಕಾಯಗಳು ದಾರಿ ತಪ್ಪಿ ನೇರ ನಕ್ಷತ್ರದ ಕಡೆಗೆ ಬರುತ್ತವೆ.

ಶ್ವೇತ ಕುಬ್ಜದಿಂದ ಸುಮಾರು 7 ಲಕ್ಷ ಕಿಲೋಮೀಟರ್ ಒಳಗೆ ಬಂದರೆ ಕಥೆ ಮುಗಿಯಿತು. ಹತ್ತಿರದ ಬದಿಯನ್ನು ನಕ್ಷತ್ರ ಎಷ್ಟು ಜೋರಾಗಿ ಎಳೆಯುತ್ತದೆ ಅಂದರೆ, ಆಚೆ ಬದಿಗೂ ಈಚೆ ಬದಿಗೂ ಇರುವ ಎಳೆತದ ವ್ಯತ್ಯಾಸಕ್ಕೇ ಆ ಕಾಯ ಸೀಳಿಹೋಗುತ್ತದೆ. ಚೂರುಗಳು ಇನ್ನಷ್ಟು ಪುಡಿಯಾಗಿ ನಕ್ಷತ್ರದ ಸುತ್ತ ದೂಳಿನ ತಟ್ಟೆ ಆಗುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ನಕ್ಷತ್ರದ ಮೇಲೆ ಸುರಿಯುತ್ತದೆ. 1987 ರಲ್ಲಿ ಬೆನ್ ಜುಕರ್‌ಮನ್ ಮತ್ತು ಎರಿಕ್ ಬೆಕ್ಲಿನ್ ಅವರು ಜಿ29-38 ಎಂಬ ಶ್ವೇತ ಕುಬ್ಜದಿಂದ ಇರಬೇಕಾದ್ದಕ್ಕಿಂತ ಜಾಸ್ತಿ ಅವಗೆಂಪು ಬೆಳಕು (ಬಿಸಿ ವಸ್ತುಗಳಿಂದ ಬರುವ, ಕಣ್ಣಿಗೆ ಕಾಣದ ಬೆಳಕು) ಬರುತ್ತಿರುವುದನ್ನು ಕಂಡರು. ಅದು ಇಂಥ ದೂಳು ಕಾಯ್ದು ಹೊರಸೂಸುವ ಬೆಳಕು. ಕ್ಷುದ್ರಗ್ರಹ ಸೀಳಿ ಆ ದೂಳು ಹುಟ್ಟಿದೆ ಎಂದು ಮೈಕಲ್ ಜುರಾ 2003 ರಲ್ಲಿ ವಿವರಿಸಿದರು. ಇಡೀ ಕ್ಷೇತ್ರ ಅಲ್ಲಿಂದ ಚುರುಕಾಯಿತು.

ಅಷ್ಟು ದೂರದಿಂದ ಯಾವ ಧಾತು ಅಂತ ಹೇಗೆ ಗೊತ್ತಾಗುತ್ತದೆ? ಸುಮ್ನೆ ಊಹೆನಾ?

ಊಹೆ ಅಲ್ಲ. ತೋರಣಗಲ್ಲಿನ ಕಡೆ ಉಕ್ಕಿನ ಕೆಲಸ ಗೊತ್ತಿರುವವರಿಗೆ ಇದನ್ನು ವಿವರಿಸುವುದು ಸುಲಭ. ಉಕ್ಕಿನ ತುಂಡಿನ ಮೇಲೆ ವಿದ್ಯುತ್ ಕಿಡಿ ಹೊಡೆಸಿ, ಬರುವ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಮ್ಯಾಂಗನೀಸ್ ಎಷ್ಟು, ಕ್ರೋಮಿಯಂ ಎಷ್ಟು ಎಂದು ಲ್ಯಾಬಿನಲ್ಲಿ ಹೇಳುತ್ತಾರಲ್ವಾ? ಪ್ರತಿ ಧಾತುವಿಗೂ ತನ್ನದೇ ಬಣ್ಣದ ಗೆರೆಗಳಿವೆ. ಒಂದರ ಗೆರೆಗಳ ಜೋಡಣೆ ಇನ್ನೊಂದರಂತೆ ಇರುವುದಿಲ್ಲ. ನಕ್ಷತ್ರದ ಬೆಳಕಿನಲ್ಲಿ ಅದೇ ಗೆರೆಗಳು ಕಪ್ಪಾಗಿ ಕಾಣುತ್ತವೆ, ಏಕೆಂದರೆ ಮೇಲಿನ ಅನಿಲ ಆ ಬಣ್ಣಗಳನ್ನು ಹೀರಿಕೊಂಡಿರುತ್ತದೆ. ಗೆರೆ ಎಷ್ಟು ದಪ್ಪ, ಎಷ್ಟು ಆಳ ಎಂಬುದರಿಂದ ಆ ಧಾತು ಎಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ.

ಈ ವಿದ್ಯೆಯ ಒಂದು ದೊಡ್ಡ ದಿನಕ್ಕೆ ನಮ್ಮ ಸೀಮೆಯೂ ಸಾಕ್ಷಿ. 1868 ರ ಆಗಸ್ಟ್ 18 ರಂದು ಪೂರ್ಣ ಸೂರ್ಯಗ್ರಹಣದ ನೆರಳು ಜಮಖಂಡಿ, ರಾಯಚೂರು ಸೀಮೆ ದಾಟಿ ಗುಂಟೂರಿನ ಕಡೆಗೆ ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜೂಲ್ಸ್ ಜಾನ್ಸನ್, ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದರು. ಆ ವರ್ಷದ ವೀಕ್ಷಣೆಗಳಲ್ಲಿ ಸಿಕ್ಕ ಒಂದು ಹಳದಿ ಗೆರೆ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಅದೇ ಹೀಲಿಯಂ. ಭೂಮಿಯ ಮೇಲೆ ಅದು ಸಿಕ್ಕಿದ್ದು 1895 ರಲ್ಲಿ.

ಆ ಕಬ್ಬಿಣ, ಕ್ಯಾಲ್ಸಿಯಂ ನಕ್ಷತ್ರದ್ದೇ ಇರಬಹುದಲ್ಲ?

ಬಹಳ ಒಳ್ಳೆಯ ಪ್ರಶ್ನೆ. ಇಡೀ ವಿಷಯ ನಿಂತಿರುವುದು ಇದರ ಉತ್ತರದ ಮೇಲೆ.

ಸೂರ್ಯನ ಮೇಲ್ಮೈಯಲ್ಲೂ ಕಬ್ಬಿಣ ಇದೆ. ಅಲ್ಲಿ ಅದು ಹುಟ್ಟಿನಿಂದಲೇ ಇದೆ. ಶ್ವೇತ ಕುಬ್ಜದ ಮೇಲೆ ಗುರುತ್ವ ಭೂಮಿಗಿಂತ ಸುಮಾರು 1 ಲಕ್ಷ ಪಟ್ಟು ಜಾಸ್ತಿ. ಭಾರವಾದದ್ದೆಲ್ಲ ಕೆಳಗೆ ಇಳಿದುಹೋಗುತ್ತದೆ. ಮೇಲೆ ಹಗುರವಾದ ಹೈಡ್ರೋಜನ್ ಅಥವಾ ಹೀಲಿಯಂ ಮಾತ್ರ ಉಳಿಯಬೇಕು. ಬಿಸಿಯಾದ, ಹೈಡ್ರೋಜನ್ ಹೊದಿಕೆಯ ನಕ್ಷತ್ರದಲ್ಲಿ ಕಬ್ಬಿಣ ಕಣ್ಮರೆಯಾಗಲು ಕೆಲವು ದಿನ, ವಾರ ಸಾಕು. ತಣ್ಣಗಿನ, ಹೀಲಿಯಂ ಹೊದಿಕೆಯದ್ದರಲ್ಲಿ ಲಕ್ಷಾಂತರ ವರ್ಷ ಬೇಕಾಗಬಹುದು. ಹೆಚ್ಚೆಂದರೂ ಕೆಲವು ಹತ್ತು ಲಕ್ಷ ವರ್ಷ. ನಕ್ಷತ್ರದ ವಯಸ್ಸೋ ನೂರಾರು ಕೋಟಿ ವರ್ಷ.

ಹಾಗಾಗಿ ಮೇಲ್ಮೈಯಲ್ಲಿ ಕಬ್ಬಿಣ ಕಂಡಿತೆಂದರೆ ಅದು ಇತ್ತೀಚೆಗೆ ಹೊರಗಿನಿಂದ ಬಿದ್ದಿರಬೇಕು. ಬೇರೆ ದಾರಿ ಇಲ್ಲ. ನೂರು ಶ್ವೇತ ಕುಬ್ಜ ನೋಡಿದರೆ 25 ರಿಂದ 50 ರಲ್ಲಿ ಇಂಥ ಗುರುತು ಸಿಗುತ್ತದೆ. ಹಿನ್ನೆಲೆ ಇಷ್ಟು ಶುದ್ಧವಾಗಿರುವುದರಿಂದಲೇ ಬಿದ್ದ ಕಲ್ಲಿನ ಲೆಕ್ಕ ಇಷ್ಟು ಸ್ಪಷ್ಟವಾಗಿ ಸಿಗುತ್ತದೆ. ಪ್ರಕೃತಿ ಇಷ್ಟು ಅನುಕೂಲ ಮಾಡಿಕೊಟ್ಟ ಪ್ರಯೋಗ ಖಗೋಳ ವಿಜ್ಞಾನದಲ್ಲಿ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಒಂದು ಎಚ್ಚರ. 25,000 ಡಿಗ್ರಿಗಿಂತ ಬಿಸಿಯಾದವುಗಳಲ್ಲಿ ಬೆಳಕಿನ ಒತ್ತಡವೇ ಭಾರವಾದ ಪರಮಾಣುಗಳನ್ನು ಮೇಲೆ ಹಿಡಿದಿಡಬಹುದು. ಅಂಥವನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ.

ನಕ್ಷತ್ರಗಳ ನಡುವಿನ ದೂಳು ಬಿದ್ದಿರಬಹುದಲ್ಲ?

ಬಹಳ ವರ್ಷ ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು. ಆದರೆ ಆ ದೂಳಿನ ಜೊತೆ ಅಪಾರ ಹೈಡ್ರೋಜನ್ ಇರುತ್ತದೆ. ಹೀಲಿಯಂ ಹೊದಿಕೆಯ ನಕ್ಷತ್ರಗಳಲ್ಲಿ ಆ ಹೈಡ್ರೋಜನ್ ಇಲ್ಲ. ಬಿದ್ದ ವಸ್ತುವಿನಲ್ಲಿ ಇಂಗಾಲವೂ ಬಹಳ ಕಡಿಮೆ. ಹೈಡ್ರೋಜನ್ ಇಲ್ಲ, ಇಂಗಾಲ ಕಡಿಮೆ, ಕಬ್ಬಿಣ ಮತ್ತು ಸಿಲಿಕಾನ್ ಜಾಸ್ತಿ ಅಂದರೆ ಅದು ಕಲ್ಲು.

ಇದನ್ನು ಮೊದಲು ಕಂಡವರು ಯಾರು?

ಕಂಡರು, ಆದರೆ ಏನೆಂದು ಗೊತ್ತಾಗಲಿಲ್ಲ. 1917 ರಲ್ಲಿ ಆಡ್ರಿಯಾನ್ ವಾನ್ ಮಾನೆನ್ ಒಂದು ಮಂದ ನಕ್ಷತ್ರ ಆಕಾಶದಲ್ಲಿ ವೇಗವಾಗಿ ಸರಿಯುವುದನ್ನು ಗಮನಿಸಿದರು. ಅದು ನಮ್ಮಿಂದ ಸುಮಾರು 14 ಜ್ಯೋತಿರ್ವರ್ಷ ದೂರ, ಮೀನ ರಾಶಿಯ ದಿಕ್ಕಿನಲ್ಲಿದೆ. ಅದೇ ವರ್ಷ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ವಾಲ್ಟರ್ ಆಡಮ್ಸ್ ಅದರ ವರ್ಣಪಟಲವನ್ನು, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕನ್ನು, ಗಾಜಿನ ಫಲಕದ ಮೇಲೆ ಹಿಡಿದರು. ಅದರಲ್ಲಿ ಕ್ಯಾಲ್ಸಿಯಂ ಗೆರೆಗಳು ಎದ್ದು ಕಾಣುತ್ತವೆ. ಸೂರ್ಯನಿಗಿಂತ ಸ್ವಲ್ಪ ಬಿಸಿಯಾದ ನಕ್ಷತ್ರ ಎಂದು ಅವರು ಬರೆದಿಟ್ಟರು.

ಸುಮಾರು 100 ವರ್ಷ ಆದ ಮೇಲೆ ಜೇ ಫಾರಿಹಿ ಎಂಬ ಸಂಶೋಧಕ ವಿಚಾರಿಸಿದಾಗ, ಕಾರ್ನೆಗಿ ವೀಕ್ಷಣಾಲಯದ ಸಂಗ್ರಹದಲ್ಲಿ ಆ ಫಲಕ ಸಿಕ್ಕಿತು. ಬೇರೆ ನಕ್ಷತ್ರಗಳಿಗೂ ಗ್ರಹಗಳಿವೆ ಎಂಬುದಕ್ಕೆ ಅದೇ ಎಲ್ಲಕ್ಕಿಂತ ಹಳೆಯ ದಾಖಲೆ ಎಂದು ಈಗ ಹೇಳುತ್ತಾರೆ. ಹಳೆಯ ದಾಖಲೆಗಳನ್ನು ಜೋಪಾನ ಮಾಡುವವರಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದು?

ಗ್ರಹವನ್ನೇ ನೇರವಾಗಿ ನೋಡಿದರೆ ಆಗುವುದಿಲ್ಲವೇ?

ಗ್ರಹ ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ಎಷ್ಟು ಕುಗ್ಗುತ್ತದೆ ಎಂಬುದರಿಂದ ಅದರ ಗಾತ್ರ ಸಿಗುತ್ತದೆ. ನಕ್ಷತ್ರ ಎಷ್ಟು ಓಲಾಡುತ್ತದೆ ಎಂಬುದರಿಂದ ತೂಕ. ಎರಡೂ ಸೇರಿದರೆ ಸಾಂದ್ರತೆ. ಅಷ್ಟೇ. ಒಂದೇ ಸಾಂದ್ರತೆ ಹಲವು ಮಿಶ್ರಣಗಳಿಂದ ಬರಬಹುದು. ಕಲ್ಲಿನ ಜೊತೆ ನೀರು ಇದ್ದರೂ ಸರಿ, ಜಾಸ್ತಿ ಕಬ್ಬಿಣದ ಮೇಲೆ ದಪ್ಪ ಅನಿಲದ ಹೊದಿಕೆ ಇದ್ದರೂ ಸರಿ, ಉತ್ತರ ಒಂದೇ ಬರುತ್ತದೆ.

ಗ್ರಹದ ವಾತಾವರಣವನ್ನು ಜೇಮ್ಸ್ ವೆಬ್ ದೂರದರ್ಶಕ ಪರೀಕ್ಷಿಸಬಲ್ಲದು. ಒಳಗಿನ ಕಲ್ಲನ್ನು ಅಲ್ಲ. ನಮ್ಮ ಭೂಮಿಯ ಒಳಗರ್ಭವನ್ನೇ ನಾವು ಮುಟ್ಟಿಲ್ಲ, ಭೂಕಂಪದ ಅಲೆಗಳಿಂದ ತಿಳಿದುಕೊಂಡಿದ್ದೇವೆ. ಶ್ವೇತ ಕುಬ್ಜವೋ ಒಳಗು ಹೊರಗು ಎನ್ನದೆ ಇಡೀ ಕಾಯವನ್ನು ಪುಡಿ ಮಾಡಿ ಬೆಳಕಿಗೆ ಹಿಡಿಯುತ್ತದೆ. ಬೇರೆ ಸೌರವ್ಯೂಹದ ಕಲ್ಲಿನ ಕಾಯಗಳ ಒಳಗನ್ನು ಹೀಗೆ ಧಾತು ಧಾತುವಾಗಿ ಅಳೆಯಲು ಇದಕ್ಕಿಂತ ನೇರವಾದ ದಾರಿ ನಮಗೆ ಸಿಕ್ಕಿಲ್ಲ.

ಹಾಗಾದರೆ ಏನು ಸಿಕ್ಕಿದೆ?

ಮುಖ್ಯವಾಗಿ ಆಮ್ಲಜನಕ, ಮೆಗ್ನೀಸಿಯಂ, ಸಿಲಿಕಾನ್, ಕಬ್ಬಿಣ. ಭೂಮಿಯ ತೂಕದಲ್ಲಿ 90 ಶೇಕಡಾಕ್ಕೂ ಜಾಸ್ತಿ ಪಾಲು ಇದೇ ನಾಲ್ಕರದ್ದು. ಅಲ್ಲೂ ಹಾಗೇ. 2007 ರಲ್ಲಿ ಜುಕರ್‌ಮನ್ ತಂಡ ಹವಾಯಿಯ ಕೆಕ್ ದೂರದರ್ಶಕದಿಂದ ಜಿಡಿ 362 ಎಂಬ ಒಂದೇ ನಕ್ಷತ್ರದಲ್ಲಿ ಹೀಲಿಯಂಗಿಂತ ಭಾರವಾದ 15 ಧಾತುಗಳನ್ನು ಗುರುತಿಸಿತು. ಈಗ ಎಲ್ಲ ನಕ್ಷತ್ರಗಳನ್ನೂ ಸೇರಿಸಿದರೆ ಲಿಥಿಯಂ, ಬೆರಿಲಿಯಂನಿಂದ ಸ್ಟ್ರಾನ್ಷಿಯಂವರೆಗೆ 20 ಕ್ಕೂ ಹೆಚ್ಚು ಧಾತುಗಳು ಕಂಡಿವೆ. ಇಂಗಾಲವೇ ತುಂಬಿದ, ವಜ್ರದ ಗ್ರಹಗಳು ಎಲ್ಲೆಡೆ ಇರಬಹುದು ಎಂಬ ಮಾತು ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಶ್ವೇತ ಕುಬ್ಜಗಳ ಲೆಕ್ಕ ಅದಕ್ಕೆ ಬೆಂಬಲ ಕೊಡುವುದಿಲ್ಲ.

ಇನ್ನೂ ಸ್ವಾರಸ್ಯದ ಸಂಗತಿ ಅನುಪಾತಗಳಲ್ಲಿದೆ. ದೊಡ್ಡ ಕಾಯ ಕರಗಿದಾಗ ಕಬ್ಬಿಣ, ನಿಕ್ಕಲ್ ಒಳಗರ್ಭಕ್ಕೆ ಇಳಿಯುತ್ತವೆ. ಮೆಗ್ನೀಸಿಯಂ ನಡುವಿನ ಪದರದಲ್ಲಿ ಉಳಿಯುತ್ತದೆ. ಅಲ್ಯೂಮಿನಿಯಂ, ಕ್ಯಾಲ್ಸಿಯಂ ಮೇಲಿನ ತೊಗಟೆಯಲ್ಲಿ ಸೇರುತ್ತವೆ. ಕೆಲವು ಶ್ವೇತ ಕುಬ್ಜಗಳ ಮೇಲೆ ಕಬ್ಬಿಣದ ಪಾಲು ಅತಿಯಾಗಿದೆ, ಅಂದರೆ ಒಳಗರ್ಭದ ಚೂರು ಬಿದ್ದಿದೆ. ಕೆಲವದರ ಮೇಲೆ ತೊಗಟೆಯ ಗುರುತು ಇದೆ. ಅಂದರೆ ಅಲ್ಲಿಯ ಕಾಯಗಳೂ ನಮ್ಮ ಭೂಮಿಯಂತೆ ಕರಗಿ, ಪದರ ಪದರವಾಗಿ ಬೇರ್ಪಟ್ಟು, ಆಮೇಲೆ ಡಿಕ್ಕಿ ಹೊಡೆದು ಒಡೆದಿವೆ. ಒಂದು ಗೆರೆಗಳ ಪಟ್ಟಿಯಿಂದ ಇಷ್ಟು ಇತಿಹಾಸ ಹೊರಬರುತ್ತದೆ!

ಸಂಡೂರಿನಂಥ ಕಬ್ಬಿಣದ ಅದಿರು ಅಲ್ಲೂ ಇದೆಯಾ?

ಕಬ್ಬಿಣ ಇದೆ. ಅದಿರು ಇದೆ ಎಂದು ಹೇಳಲು ಬರುವುದಿಲ್ಲ. ನಕ್ಷತ್ರದ ಬಿಸಿಗೆ ಖನಿಜಗಳೆಲ್ಲ ಬಿಡಿ ಪರಮಾಣುಗಳಾಗಿ ಒಡೆದಿರುತ್ತವೆ. ಧಾತುಗಳು ಸಿಗುತ್ತವೆ, ಹೆಮಟೈಟ್ ಸಿಗುವುದಿಲ್ಲ. ಸಂಡೂರಿನ ಅದಿರಂತೂ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ಕೆಳಗೆ ಕೂತು ಆದ ಪದರ. ಅಂಥ ಇತಿಹಾಸ ಎಲ್ಲ ಗ್ರಹಕ್ಕೂ ಇರುವುದಿಲ್ಲ.

ಆದರೂ ಕಬ್ಬಿಣ ಲೋಹವಾಗಿತ್ತೋ, ಆಮ್ಲಜನಕದ ಜೊತೆ ಸೇರಿಕೊಂಡಿತ್ತೋ ಎಂದು ತಿಳಿಯಲು ಒಂದು ದಾರಿ ಇದೆ. ಸಿಲಿಕಾನ್, ಮೆಗ್ನೀಸಿಯಂ, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಇವಕ್ಕೆಲ್ಲ ಎಷ್ಟು ಆಮ್ಲಜನಕ ಬೇಕು ಎಂದು ಮೊದಲು ಲೆಕ್ಕ ಹಾಕುತ್ತಾರೆ. ಮಿಕ್ಕಿದ ಆಮ್ಲಜನಕ ಕಬ್ಬಿಣಕ್ಕೆ. 2019 ರಲ್ಲಿ ಅಲೆಕ್ಸಾಂಡ್ರಾ ಡಾಯ್ಲ್, ಎಡ್ವರ್ಡ್ ಯಂಗ್ ಮತ್ತು ಸಂಗಡಿಗರು 6 ಶ್ವೇತ ಕುಬ್ಜಗಳಿಗೆ ಈ ಲೆಕ್ಕ ಮಾಡಿದರು. ಅಲ್ಲಿಯ ಕಲ್ಲು ಭೂಮಿ, ಮಂಗಳದ ಕಲ್ಲಿನಷ್ಟೇ ಆಮ್ಲಜನಕ ಸೇರಿಕೊಂಡದ್ದಾಗಿತ್ತು.

ಕೊಪ್ಪಳದ ಕಡೆಯ ಗ್ರಾನೈಟ್ ಥರದ ಕಲ್ಲು?

ಆನೆಗೊಂದಿಯ ಸುತ್ತಲಿನ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯವು. ಇಂಥ ಗ್ರಾನೈಟ್‌ನಲ್ಲಿ ಸಿಲಿಕಾ, ಸೋಡಿಯಂ, ಪೊಟ್ಯಾಸಿಯಂ ಜಾಸ್ತಿ. 2021 ರಲ್ಲಿ ಮಾರ್ಕ್ ಹಾಲಂಡ್ಸ್ ತಂಡ 4 ಹಳೆಯ, ತಣ್ಣಗಿನ ಶ್ವೇತ ಕುಬ್ಜಗಳಲ್ಲಿ ಲಿಥಿಯಂ, ಸೋಡಿಯಂ, ಕೆಲವದರಲ್ಲಿ ಪೊಟ್ಯಾಸಿಯಂ ಕಂಡು, ಇದು ಭೂಮಿಯ ಖಂಡಗಳ ತೊಗಟೆಯನ್ನು ಹೋಲುತ್ತದೆ ಎಂದಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೆನ್ ಕೈಸರ್ ತಂಡ ಬೇರೆ ವಿವರಣೆ ಕೊಟ್ಟಿತು: ಆ ಕಾಯಗಳು ಬಹಳ ಹಳೆಯವು, ಅವು ಹುಟ್ಟಿದಾಗ ಬೇರೆ ಧಾತುಗಳು ಕಡಿಮೆ ಇದ್ದವು, ಮಹಾಸ್ಫೋಟದ ಕಾಲದ ಲಿಥಿಯಂ ಮಾತ್ರ ಇತ್ತು, ಅದಕ್ಕೇ ಅದರ ಪಾಲು ಜಾಸ್ತಿ ಕಾಣುತ್ತದೆ. ತೊಗಟೆ ಎಂಬ ಮಾತು ಕೇಳಲು ನನಗೂ ಬಹಳ ಇಷ್ಟ. ಆದರೆ ಈ ವಾದ ತೀರ್ಮಾನ ಆಗುವ ತನಕ ಅಲ್ಲಿ ಗ್ರಾನೈಟ್ ಇದೆ ಎಂದು ಮಕ್ಕಳಿಗೆ ಹೇಳಬೇಡಿ.

ಹಟ್ಟಿಯಂತೆ ಚಿನ್ನ?

ಇಲ್ಲ. ಬಿದ್ದ ಕಲ್ಲಿನಲ್ಲಿ ಚಿನ್ನ ಕಂಡಿಲ್ಲ. ಹಟ್ಟಿಯ ಅದಿರಿನಲ್ಲೇ ಒಂದು ಟನ್ನಿಗೆ ಕೆಲವೇ ಗ್ರಾಂ. ಅಷ್ಟು ವಿರಳವಾದ ಧಾತುವಿನ ಗೆರೆ ಇಷ್ಟು ದೂರದಿಂದ ಕಾಣುವುದು ಬಹಳ ಕಷ್ಟ.

ನೀರು ಇದ್ದದ್ದು ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ, ಅದೇ ಆಮ್ಲಜನಕದ ಲೆಕ್ಕದಿಂದ. ಎಲ್ಲ ಧಾತುಗಳಿಗೂ ಹಂಚಿದ ಮೇಲೂ ಆಮ್ಲಜನಕ ಉಳಿದರೆ ಅದು ಹೈಡ್ರೋಜನ್ ಜೊತೆ ನೀರಾಗಿ ಇದ್ದಿರಬೇಕು. 2013 ರಲ್ಲಿ ಫಾರಿಹಿ, ಬೋರಿಸ್ ಗೆನ್ಸಿಕೆ, ಡೆಟ್ಲೆಫ್ ಕೋಸ್ಟರ್ ಜಿಡಿ 61 ನಕ್ಷತ್ರದಲ್ಲಿ ಹೀಗೆ ಲೆಕ್ಕ ಮಾಡಿದಾಗ ಬಿದ್ದ ಕಾಯದ ತೂಕದಲ್ಲಿ ಸುಮಾರು 26 ಶೇಕಡಾ ನೀರು ಎಂದು ಬಂತು. ಇಂಗಾಲ ಇಲ್ಲದ್ದರಿಂದ ಅದು ಧೂಮಕೇತು ಅಲ್ಲ, ನೀರು ಹೊತ್ತ ಕಲ್ಲಿನ ಕಾಯ. ನಮ್ಮ ಸೌರವ್ಯೂಹದ ಸೀರಿಸ್ ಎಂಬ ಕುಬ್ಜ ಗ್ರಹದ ಹಾಗೆ. 2017 ರಲ್ಲಿ ಇನ್ನೊಂದು ನಕ್ಷತ್ರದಲ್ಲಿ ಸಾರಜನಕ ಸಿಕ್ಕಿತು. ಅದು ನೆಪ್ಚೂನ್ ಆಚೆಯ ಹಿಮಕಾಯಗಳಂಥದ್ದು.

ಭೂಮಿಯಲ್ಲಿ ಇಲ್ಲದ ಕಲ್ಲು ಅಲ್ಲಿದೆ ಎಂದು ಓದಿದೆ. ನಿಜವೇ?

2021 ರಲ್ಲಿ ಭೂವಿಜ್ಞಾನಿ ಕೀತ್ ಪುಟಿರ್ಕಾ ಮತ್ತು ಖಗೋಳ ವಿಜ್ಞಾನಿ ಸಿಯಿ ಶು 23 ಶ್ವೇತ ಕುಬ್ಜಗಳ ಲೆಕ್ಕ ತೆಗೆದುಕೊಂಡು, ಕೆಲವು ಮಿಶ್ರಣಗಳಿಗೆ ನಮ್ಮ ಸೌರವ್ಯೂಹದಲ್ಲಿ ಜೋಡಿಯೇ ಇಲ್ಲ ಎಂದರು. ಅಂಥ ಕಲ್ಲುಗಳಿಗೆ ಹೊಸ ಹೆಸರುಗಳನ್ನೂ ಕೊಟ್ಟರು. ಇನ್ನೊಂದು ಗುಂಪು ಇದನ್ನು ಒಪ್ಪಲಿಲ್ಲ. ಅಳತೆಯ ತಪ್ಪಿನ ಮಿತಿಯನ್ನು ಸೇರಿಸಿ ನೋಡಿದರೆ ಹೆಚ್ಚಿನವು ಕಾಂಡ್ರೈಟ್ ಎಂಬ ಸಾಮಾನ್ಯ ಉಲ್ಕಾಶಿಲೆಯ ಮಿಶ್ರಣಕ್ಕೇ ಹೊಂದುತ್ತವೆ ಎಂದು 2023 ರಲ್ಲಿ ತೋರಿಸಿದರು. ನನಗೆ ಎರಡನೆಯ ವಾದವೇ ಗಟ್ಟಿ ಎನ್ನಿಸುತ್ತದೆ. ನಾವು ನಿಂತಿರುವಂಥ ಕಲ್ಲು ಆಕಾಶಗಂಗೆಯಲ್ಲಿ ಸಾಮಾನ್ಯ ಎಂಬುದು ಸಣ್ಣ ಸುದ್ದಿಯೇನೂ ಅಲ್ಲ.

ಕಲ್ಲು ಒಡೆದು ಬೀಳುವುದನ್ನು ಯಾರಾದರೂ ಕಂಡಿದ್ದಾರೆಯೇ?

ಹೌದು. 2015 ರಲ್ಲಿ ಆಂಡ್ರ್ಯೂ ವಾಂಡರ್‌ಬರ್ಗ್ ತಂಡ ಕೆಪ್ಲರ್ ದೂರದರ್ಶಕದ ಮಾಹಿತಿಯಲ್ಲಿ ಡಬ್ಲ್ಯುಡಿ 1145+017 ನಕ್ಷತ್ರದ ಬೆಳಕು ಸುಮಾರು 4.5 ಗಂಟೆಗೊಮ್ಮೆ ಕುಗ್ಗುವುದನ್ನು ಕಂಡಿತು. ಕೆಲವೊಮ್ಮೆ 40 ಶೇಕಡಾ ಬೆಳಕು ಮಾಯ. ಒಡೆಯುತ್ತಿರುವ ಕಾಯದ ದೂಳು ಅಡ್ಡ ಬರುತ್ತಿತ್ತು. 2019 ರಲ್ಲಿ ಕ್ರಿಸ್ಟೋಫರ್ ಮ್ಯಾನ್ಸರ್ ತಂಡ ಮತ್ತೊಂದು ನಕ್ಷತ್ರದ ತಟ್ಟೆಯ ಒಳಗೇ 123 ನಿಮಿಷಕ್ಕೆ ಒಂದು ಸುತ್ತು ಹಾಕುವ ಗಟ್ಟಿ ಚೂರನ್ನು ಗುರುತಿಸಿತು. ಅಷ್ಟು ಹತ್ತಿರ ಸೀಳದೆ ಉಳಿದಿದೆ ಅಂದರೆ ಅದು ಗಟ್ಟಿ ಕಬ್ಬಿಣದ ಒಳಗರ್ಭ ಇರಬಹುದು. 2022 ರಲ್ಲಿ ಜಿ29-38 ರಿಂದ ಎಕ್ಸ್-ರೇ ಸಿಕ್ಕಿತು. ವಸ್ತು ಈಗಲೂ ಬೀಳುತ್ತಿದೆ ಎಂಬುದಕ್ಕೆ ಅದು ನೇರ ಸಾಕ್ಷಿ.

ಇದನ್ನು ಎಷ್ಟು ನಂಬಬಹುದು?

ಧಾತು ಇದೆ ಎಂಬುದನ್ನು ಪೂರ್ತಿ ನಂಬಬಹುದು. ಅನುಪಾತದಲ್ಲಿ ಎಚ್ಚರ ಬೇಕು, ಏಕೆಂದರೆ ಪ್ರತಿ ಧಾತು ಬೇರೆ ಬೇರೆ ವೇಗದಲ್ಲಿ ಮುಳುಗುತ್ತದೆ. ಕಲ್ಲು ಈಗ ಬೀಳುತ್ತಿದೆಯೋ, ಬೀಳುವುದು ನಿಂತು ಬಹಳ ದಿನ ಆಯಿತೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಇನ್ನೊಂದು ವಿಷಯ. ಬಿದ್ದದ್ದು ಬಹುತೇಕ ಕ್ಷುದ್ರಗ್ರಹದ ಗಾತ್ರದ ಕಾಯ, ಇಡೀ ಗ್ರಹ ಅಲ್ಲ. ಗ್ರಹಗಳು ಅಂಥ ಕಾಯಗಳಿಂದಲೇ ಕಟ್ಟಿಕೊಳ್ಳುವುದರಿಂದ ಅದರ ಲೆಕ್ಕ ಗ್ರಹಕ್ಕೂ ಅನ್ವಯಿಸುತ್ತದೆ.

ನಮ್ಮ ಸೂರ್ಯನಿಗೂ ಹೀಗೇ ಆಗುತ್ತದಾ?

ಆಗುತ್ತದೆ, ಸುಮಾರು 500 ಕೋಟಿ ವರ್ಷ ಆದ ಮೇಲೆ ಶುರು. ಬುಧ, ಶುಕ್ರ ಉಳಿಯುವುದಿಲ್ಲ. ಗುರು ಮತ್ತು ಆಚೆಯ ಗ್ರಹಗಳು ಉಳಿಯುತ್ತವೆ. ಕ್ಷುದ್ರಗ್ರಹಗಳಲ್ಲಿ ಕೆಲವು ಸೂರ್ಯನ ಮೇಲೆ ಬೀಳುತ್ತವೆ. ಮಕ್ಕಳು ಇದನ್ನು ಕೇಳಿ ಹೆದರಿದರೆ 500 ಕೋಟಿಯನ್ನು ಬೋರ್ಡಿನ ಮೇಲೆ ಸೊನ್ನೆ ಸಮೇತ ಬರೆದು ತೋರಿಸಿ.

ಇದನ್ನು ಓದಲು ಏನು ಕಲಿಯಬೇಕು?

ಭೌತಶಾಸ್ತ್ರ ಮತ್ತು ಗಣಿತ ಬೇಕೇ ಬೇಕು. ಆದರೆ ಭೂವಿಜ್ಞಾನ ಓದಿದವರಿಗೂ ಇಲ್ಲಿ ದೊಡ್ಡ ಜಾಗ ಇದೆ. ಮೇಲೆ ಹೇಳಿದ ಪುಟಿರ್ಕಾ ಭೂವಿಜ್ಞಾನಿ, ಯಂಗ್ ಕಲ್ಲಿನ ರಸಾಯನಶಾಸ್ತ್ರದವರು. ಗಣಿ ಜಿಲ್ಲೆಯಲ್ಲಿ ಹುಟ್ಟಿ ಕಲ್ಲು ಗುರುತಿಸುತ್ತಾ ಬೆಳೆದ ಮಕ್ಕಳಿಗೆ ಇದು ನಿಜವಾಗಿ ಕೈಗೆಟುಕುವ ವಿಷಯ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ 2 ಮೀಟರ್ ದೂರದರ್ಶಕ ನಡೆಸುತ್ತದೆ. ಅದನ್ನು ಹೊಸಕೋಟೆಯಲ್ಲಿ ಕೂತೇ ನಿಯಂತ್ರಿಸುತ್ತಾರೆ. ಕೆಲಸಕ್ಕೆ ಬರುವ ನಕ್ಷತ್ರಗಳಿಗೂ ಕೊರತೆ ಇಲ್ಲ. ಗಯಾ ಉಪಗ್ರಹದ ಮಾಹಿತಿಯಿಂದ 2021 ರಲ್ಲಿ ಸುಮಾರು 3 ಲಕ್ಷ 59 ಸಾವಿರ ಶ್ವೇತ ಕುಬ್ಜಗಳ ಪಟ್ಟಿ ಬಂದಿದೆ. ಹೆಚ್ಚಿನವನ್ನು ಇನ್ನೂ ಯಾರೂ ವಿವರವಾಗಿ ನೋಡಿಲ್ಲ.

ನಮ್ಮ ಊರಿನಿಂದ ಒಂದನ್ನಾದರೂ ನೋಡಬಹುದೇ?

ಬರಿಗಣ್ಣಿಗೆ ಒಂದೂ ಕಾಣುವುದಿಲ್ಲ. ಲುಬ್ಧಕ (ಸಿರಿಯಸ್) ನಕ್ಷತ್ರದ ಜೊತೆ ಒಂದು ಶ್ವೇತ ಕುಬ್ಜ ಇದೆ, 1862 ರಲ್ಲಿ ಕಂಡದ್ದು. ಲುಬ್ಧಕದ ಪ್ರಖರತೆಯಲ್ಲಿ ಅದು ಮುಚ್ಚಿಹೋಗುತ್ತದೆ, ಅದರ ಹಿಂದೆ ಬೀಳಬೇಡಿ. ಸುಲಭವಾದದ್ದು 40 ಎರಿಡಾನಿ ಬಿ. ಸುಮಾರು 16 ಜ್ಯೋತಿರ್ವರ್ಷ ದೂರ, ಕಾಂತಿಮಾನ (ಹೊಳಪಿನ ಅಳತೆ, ಸಂಖ್ಯೆ ಜಾಸ್ತಿ ಆದಷ್ಟೂ ಮಂದ) 9.5. ಡಿಸೆಂಬರ್, ಜನವರಿಯ ಸಂಜೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಪಶ್ಚಿಮಕ್ಕೆ ಹುಡುಕಿ. ಬರಿಗಣ್ಣಿಗೆ ಮಂದವಾಗಿ ಕಾಣುವ 40 ಎರಿಡಾನಿಯ ಪಕ್ಕದಲ್ಲೇ ಸಣ್ಣ ಚುಕ್ಕೆಯಾಗಿ ಇರುತ್ತದೆ. 4 ಇಂಚಿನ ದೂರದರ್ಶಕ ಸಾಕು. ಗಣಿ ದೂಳು ಮತ್ತು ಕಾರ್ಖಾನೆ ದೀಪಗಳಿಂದ ದೂರ ಹೋಗಿ. ಕುಷ್ಟಗಿ, ಲಿಂಗಸುಗೂರು ಕಡೆಯ ಹೊಲಗಳಲ್ಲಿ ಆಕಾಶ ಇನ್ನೂ ಚೆನ್ನಾಗಿದೆ. ಆದರೆ 40 ಎರಿಡಾನಿ ಬಿಯಲ್ಲಿ ಕಲ್ಲಿನ ಗುರುತು ಇಲ್ಲ. ಗುರುತು ಇರುವುದನ್ನೇ ನೋಡಬೇಕೆಂದರೆ ವಾನ್ ಮಾನೆನ್ ನಕ್ಷತ್ರ ಇದೆ. ಕಾಂತಿಮಾನ 12.4, ಅದಕ್ಕೆ 8 ಇಂಚಾದರೂ ಬೇಕು, ಜೊತೆಗೆ ಒಳ್ಳೆಯ ನಕ್ಷೆ. ನವೆಂಬರ್ ಅಮಾವಾಸ್ಯೆಯ ಆಸುಪಾಸು ಹುಡುಕಿ.